ನಾನೂರ ಹನ್ನೆರಡನೆಯ ಚೂರು

ಮನಾಮಾದಲ್ಲಿ ಜುಲೈ. ಉಗ್ರಾಣದ ಏಸಿ ಕೆಮ್ಮುತ್ತಿದೆ.
ಮೇಜಿನ ತುಂಬ ಪಡುವಣ ದಿಬ್ಬದ ಮಡಕೆ ಚೂರು,
ಒಂದೊಂದರ ಬೆನ್ನಿಗೂ ಕಪ್ಪು ಮಸಿಯ ನಂಬರು.
ನನ್ನ ಕೆಲಸ ಅಳೆಯುವುದು, ಅಷ್ಟೇ.

ತುಟಿಯ ಚೂರನ್ನು ಬೋರಲು ಹಿಡಿದು
ವೃತ್ತದೊಳಗೆ ವೃತ್ತ ಬರೆದ ಹಾಳೆಯ ಮೇಲಿಟ್ಟು
ಅಡಿಯಿಂದ ಬೆಳಕು ಸೋರದ ಹಾಗೆ
ಸರಿಸುತ್ತ, ವಾಲಿಸುತ್ತ, ಮತ್ತೆ ಸರಿಸುತ್ತ
ಕೂತಿತೋ, ಅದೇ ಬಾಯಗಲ: ಹನ್ನೆರಡು ಸೆಂಟಿಮೀಟರ್.
ಆಮೇಲೆ ಕ್ಯಾಲಿಪರಿನ ತಣ್ಣನೆ ಕೊಕ್ಕಿನಲ್ಲಿ
ಗೋಡೆಯ ದಪ್ಪ ಕಚ್ಚಿ ಹಿಡಿಯಬೇಕು.
ನಾಲ್ಕು ಸಾವಿರ ವರ್ಷದ ಮಣ್ಣು
ಎರಡು ಅಂಕಿಯಾಗಿ ಕಾಲಮ್ಮಿಗೆ ಇಳಿಯುತ್ತದೆ.

ಡಾಕ್ಟರ್ ಬದ್ರಿಯಾ ಗುಂಡಿ ಒತ್ತಿದರೆ
ತೆರೆಯ ಮೇಲೆ ಚುಕ್ಕಿಯೋ ಚುಕ್ಕಿ.
ರಂಗೋಲಿ ಇಟ್ಟು ಬೆಳೆದ ಬೆರಳು,
ಚುಕ್ಕಿ ಕಂಡರೆ ಸುಮ್ಮನಿರದು.
ನಮ್ಮ ಗೆರೆ ಒಂದೊಂದು ಚುಕ್ಕಿಯನ್ನೂ ಬಳಸಿ
ಯಾರನ್ನೂ ಹೊರಗೆ ಬಿಡದೆ ಸುತ್ತಿ
ಹೊರಟಲ್ಲಿಗೇ ಬಂದು ಸೇರುತ್ತದೆ.
ಇವರದು ಓರೆಯಾಗಿ ಹತ್ತಿ
ಹೋದದ್ದು ಹೋದದ್ದೇ.

‘ಇದಕ್ಕೆ ರಿಗ್ರೆಶನ್ ಅಂತಾರೆ.
ಗೆರೆಯಿಂದ ಪ್ರತಿ ಚುಕ್ಕಿಗೂ ಒಂದಿಷ್ಟು ದೂರ.
ಆ ದೂರಗಳ ವರ್ಗವನ್ನೆಲ್ಲ ಕೂಡಿಸಿದರೆ
ಇದಕ್ಕಿಂತ ಕಡಿಮೆ ಬರುವ ಗೆರೆ ಇನ್ನೊಂದಿಲ್ಲ.
ನೋಡು, ಬಾಯಿ ಒಂದು ಸೆಂಟಿಮೀಟರ್ ಹಿಗ್ಗಿದರೆ
ಗೋಡೆ ಕಾಲು ಮಿಲಿಮೀಟರ್ ದಪ್ಪ.’
ಒಂದಗುಳು ಹಿಸುಕಿ ಅನ್ನ ಇಳಿಸುವವಳು,
ನಂಬಿದೆ.

ನಾನೂರ ಹನ್ನೆರಡು ಮಾತ್ರ ನಂಬಲಿಲ್ಲ.
ಬಾಯಿ ಒಂಬತ್ತು. ದಪ್ಪ ಹದಿನಾಲ್ಕು.
ಗೆರೆಯಿಂದ ಎಷ್ಟೋ ಮೇಲೆ
ಪಂಕ್ತಿ ತಪ್ಪಿ ಕೂತ ನೆಂಟನ ಹಾಗೆ.
‘ಕೈ ಜಾರಿರಬೇಕು ನಿನ್ನದು’ ಅಂದರು, ಬೈಯದೆ.
ಅಳೆದೆ. ಹದಿನಾಲ್ಕು.
ಕ್ಯಾಲಿಪರ್ ಒರೆಸಿ ಅಳೆದೆ.
ಊಟ ಮುಗಿಸಿ ಬಂದು ಅಳೆದೆ.

ಚೂರನ್ನು ಹೊರಗೆ ಒಯ್ಯುವಂತಿಲ್ಲ.
ಅದರ ಅಡ್ಡಸೀಳನ್ನು ಚೀಟಿಯಲ್ಲಿ ಬರೆದುಕೊಂಡು
ಶುಕ್ರವಾರ ಆಲಿಯ ಬಸ್ಸು ಹತ್ತಿದೆ.
ಅಲ್ಲಿ ಕುಂಬಾರ ಮಕ್ಕಿ, ಮೊಣಕೈತನಕ ಜೇಡಿ,
ತಿಗರಿಯಿಂದ ಕಾಲು ತೆಗೆಯದೆ ಚೀಟಿ ನೋಡಿದ.
ಅಂಕಿಗಳನ್ನು ಹೆಬ್ಬೆರಳಿಂದ ಮುಚ್ಚಿ
ಚಿತ್ರವನ್ನಷ್ಟೇ ನೋಡಿದ.
‘ಬಿರ್’ ಅಂದ. ನನಗೆ ತಿಳಿಯಲಿಲ್ಲ.
ಕೈಮೇಲೆ ಕೈ ಇಟ್ಟು ಇಲ್ಲದ ಹಗ್ಗ ಸೇದಿದ,
ನಾಲಿಗೆಯಲ್ಲಿ ಟಕ್ ಅನಿಸಿ
ಕಲ್ಲಿಗೆ ತಾಗಿದ ಕೊಡವಾದ.
ಬಾವಿ!
ನೀರು ತುಳುಕದಿರಲು ಬಾಯಿ ಕಿರಿದು,
ಒಡೆಯದಿರಲು ಗೋಡೆ ದಪ್ಪ.

ಶನಿವಾರ ಬೆಳಿಗ್ಗೆ ಡಾಕ್ಟರನ್ನು ಕೇಳಿ
ಅಳಿಸಿದವುಗಳ ಪಟ್ಟಿ ತೆಗೆಸಿದೆ.
ಅಳೆದವರ ತಪ್ಪೆಂದು ಬದಿಗಿಟ್ಟವು
ನನಗಿಂತ ಮೊದಲಿನವರದ್ದೂ ಸೇರಿ ಹತ್ತು.
ಮೂರರ ಕಂಠದಲ್ಲಿ
ಹಗ್ಗ ಸವೆಸಿದ ತೆಳ್ಳನೆ ಗೀರು.
ಹನ್ನೊಂದನ್ನೂ ಬೇರೆಯಾಗಿ ಸೇರಿಸಿ ಗುಂಡಿ ಒತ್ತಿದರು.
ಹೊಸ ಗೆರೆ ಹತ್ತಲಿಲ್ಲ,
ಮಲಗಿಬಿಟ್ಟಿತು.
ಬಾಯಿ ಏಳಿರಲಿ, ಹದಿನೈದಿರಲಿ
ದಪ್ಪ ಹದಿನಾಲ್ಕರ ಆಸುಪಾಸು:
ಬಾವಿಯ ಕಲ್ಲು
ಬಾಯಗಲ ಕೇಳಿ ಬಡಿಯುವುದಿಲ್ಲವಲ್ಲ.

ಡಾಕ್ಟರ್ ಬದ್ರಿಯಾ ಬಹಳ ಹೊತ್ತು ಮಾತಾಡಲಿಲ್ಲ.
ಕನ್ನಡಕ ತೆಗೆದು, ‘ಹನ್ನೊಂದು ಏನೂ ಸಾಲದು.
ಬಾವಿ ಅಂತ ಈಗಲೇ ಬರೆಯಬೇಡ’ ಅಂದರು.
ಷರಾ ಕಾಲಮ್ಮಿನಲ್ಲಿ
ಪೆನ್ಸಿಲಿನಿಂದ ಬರೆದೆ: ಬಾವಿ?
ಪ್ರಶ್ನೆಚಿಹ್ನೆಯ ಕೆಳಗಿನ ಚುಕ್ಕಿಯನ್ನು
ಸ್ವಲ್ಪ ಒತ್ತಿಯೇ ಇಟ್ಟೆ.