ಡಬ್ಬಿಯ ಬೆನ್ನು

ಕಂಕನಾಡಿಯ ಆಸ್ಪತ್ರೆ, ನೆಲಮಾಳಿಗೆ,
ಪಥ್ಯ ಹೇಳುವ ನನ್ನ ಕೋಣೆ.
ಸೆವ್ರಿನ್ ಬಾಯಿ ಕೊಡೆ ಮಡಚಿ ಕುರ್ಚಿಗೆ ಸಿಕ್ಕಿಸಿ
ಚೀಲದಿಂದ ತೆಗೆದಿಟ್ಟರು ತಣ್ಣನೆಯದೊಂದು ಡಬ್ಬಿ:
ಹಸಿರು ಎಲೆಯ ಚಿತ್ರ, ಅದರಡಿ
'ಸಸ್ಯಜನ್ಯ ಕಾಫಿ'.

"ಹಾಲು ಆಗುದಿಲ್ಲ ಅಂದ್ರಿ, ಬಿಟ್ಟೆ.
ಸಕ್ಕರೆ ಬೇಡ ಅಂದ್ರಿ, ಅದೂ ಬಿಟ್ಟೆ.
ಈಗ ಬಿಜೈ ಅಂಗಡಿಯ ಹುಡುಗ ಹೇಳ್ತಾನೆ,
ಇದು ಗಿಡದ್ದು, ಧೈರ್ಯದಲ್ಲಿ ಕುಡೀರಿ ಅಂತ.
ಅಲ್ಲ ಮಾರಾಯ್ತಿ,
ಗಿಡದ್ದಲ್ಲದ ಕಾಫಿ ಎಲ್ಲಿ ಉಂಟು?"

ಉತ್ತರ ಹೊಳೆಯದೆ ಡಬ್ಬಿ ತಿರುಗಿಸಿದೆ.
ಮುಖ ಯಾವತ್ತೂ ನಗುತ್ತದೆ,
ಬಾಯಿ ಬಿಡುವುದು ಬೆನ್ನು,
ಅದೂ ಇರುವೆಯಂಥ ಅಕ್ಷರದಲ್ಲಿ.

"ಓದಿ" ಎಂದರು, ಕಣ್ಣು ಮುಚ್ಚಿ
ಎರಡೂ ಅಂಗೈ ಮೇಜಿನ ಮೇಲೆ ಹರಡಿ.
ಆಗ ನೆನಪಾಯಿತು,
ಮೂವತ್ತೊಂದು ವರ್ಷ ಕ್ಯೂರಿಂಗಿನಲ್ಲಿ ಬೀಜ ಆರಿಸಿದ ಕೈ ಅದು.
ಘಟ್ಟ ಇಳಿದ ಮೂಟೆ ಬೆಲ್ಟಿನ ಮೇಲೆ ಹರಿಯುವಾಗ
ಕಪ್ಪು ಬೇರೆ, ಒಡಕು ಬೇರೆ, ಹುಳ ಕೊರೆದದ್ದು ಬೇರೆ,
ದುಂಡನೆಯ ಪಿ.ಬಿ. ಬೇರೆ.
ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತಿತ್ತಂತೆ.

ನೀರು, ಎಂದೆ.
ಬೆರಳು ಅಲ್ಲಾಡಲಿಲ್ಲ.
ಸಕ್ಕರೆ.
"ಎರಡನೆಯದೇ ಅದಾ?"
ಹೌದು, ತೂಕ ಹೆಚ್ಚಿದ್ದು ಮುಂದೆ ನಿಲ್ಲುತ್ತದೆ.
ಓಟ್ಸ್ ಪುಡಿ, ಶೇಕಡಾ ಆರು.
ಸೂರ್ಯಕಾಂತಿ ಎಣ್ಣೆ.
"ಕಾಫಿಗೆ ಒಗ್ಗರಣೆಯಾ?"
ಕಾಫಿ ಸಾರ, ಶೇಕಡಾ ಒಂದೂಕಾಲು.

ತೋರುಬೆರಳು ಒಮ್ಮೆ ಮೇಜು ತಟ್ಟಿತು.
"ನೂರು ಮೂಟೆ ಇಳಿಸಿದ್ರೆ ಒಂದರಲ್ಲಿ ಕಾಫಿ.
ನಮ್ಮ ಮೇಸ್ತ್ರಿ ಬೊನಿಫಾಸ್ ಆಗಿದ್ರೆ
ಲಾರಿಯನ್ನೇ ವಾಪಸು ಕಳಿಸ್ತಿದ್ದ."

ಆಮ್ಲತೆ ನಿಯಂತ್ರಕ, ಮುನ್ನೂರ ನಲವತ್ತು.
ಈ ನಂಬರಿಗೆ ಎಲ್ಲರೂ ಬೆಚ್ಚುತ್ತಾರೆ.
ಸಮಾಧಾನ ಹೇಳಲು ನಾನು ಬಾಯಿ ತೆರೆದೆ, ಅವರೇ ಅಂದರು:
"ಬಿಸಿ ಕಾಫಿಗೆ ತೆಂಗಿನಕಾಯಿ ಹಾಲು ಹಾಕಿ ನೋಡಿದ್ದೆ.
ಒಡೆದು ತೇಲಿತು, ಕೆಟ್ಟ ಮೀನುಸಾರಿನ ಹಾಗೆ.
ಒಡೆಯದ ಹಾಗೆ ಎಂತದೋ ಒಂದು ಹಾಕ್ಲೇಬೇಕಲ್ಲ."
ಅದಕ್ಕೇ ಅದು, ಎಂದೆ.
ಮತ್ತೆ ಗೋಂದು, ನಾನೂರ ಹದಿನೆಂಟು,
ತಳಕ್ಕೆ ಕೂರದಿರಲು.
ಎರಡನ್ನೂ ಅವರು ಪಕ್ಕಕ್ಕೆ ಸರಿಸಲಿಲ್ಲ.

ಕೊನೆಗೆ ಪೋಷಕಾಂಶದ ಚೌಕ.
ನೂರು ಮಿಲಿಗೆ ಪ್ರೋಟೀನ್ ಅರ್ಧ ಗ್ರಾಂ,
ಸಕ್ಕರೆ ಎಂಟೂವರೆ.
ಪರವಾಗಿಲ್ಲ ಅನಿಸುತ್ತದೆ,
ಒಳಗಿರುವುದು ಇನ್ನೂರ ಇಪ್ಪತ್ತು ಎಂದು
ಬೇರೆಯೇ ಮೂಲೆಯಲ್ಲಿ ಓದುವ ತನಕ.
ಮುಚ್ಚಳವೇ ಇಲ್ಲದ ಡಬ್ಬಿಯನ್ನು
ನೂರಕ್ಕೆ ನಿಲ್ಲಿಸಿ ಎತ್ತಿಡುವವರು ಯಾರು?
ಚೀಟಿಯ ಮೇಲೆ ಗುಣಿಸಿದೆ.
ಹತ್ತೊಂಬತ್ತಕ್ಕೆ ತುಸು ಕಡಿಮೆ. ನಾಲ್ಕು ಚಮಚ,
ಬೇಡವೆಂದು ನಾನೇ ಬರೆದುಕೊಟ್ಟದ್ದು.

ಹೇಳಿಬಿಡುತ್ತೇನೆ:
ನನ್ನ ಮೇಜಿನ ಡ್ರಾಯರಿನಲ್ಲಿ ಇದೇ ಡಬ್ಬಿ ಎರಡಿದ್ದವು,
ಸಂಜೆಯ ವಾರ್ಡ್ ಸುತ್ತಿಗೆಂದು
ಎಲೆ ನೋಡಿ ಕೊಂಡವು.
ದಿನವಿಡೀ ಬೇರೆಯವರ ತಟ್ಟೆ ಅಳೆಯುವವಳು
ಒಮ್ಮೆಯೂ ಅವುಗಳ ಬೆನ್ನು ನೋಡಿರಲಿಲ್ಲ.

"ಹಾಗಾದ್ರೆ ವಿಷವಾ ಇದು?"
ಅಲ್ಲ, ಎಂದೆ. ವಿಷ ಅಲ್ಲ.
"ಕಪ್ಪಲ್ಲ," ತಮ್ಮ ಲೆಕ್ಕಕ್ಕೆ ಇಳಿಸಿಕೊಂಡರು,
"ಎ ಗ್ರೇಡೂ ಅಲ್ಲ. ಒಡಕು.
ಒಡಕಿಗೂ ಗಿರಾಕಿ ಇರ್ತದೆ, ಗೊತ್ತುಂಟಾ?"

ಫೈಲಿನಲ್ಲಿ ಬರೆದೆ:
ಕಪ್ಪು ಕಾಫಿ, ಸಕ್ಕರೆ ಇಲ್ಲದೆ, ದಿನಕ್ಕೆ ಎರಡು ಲೋಟ.
ಡಬ್ಬಿ...
ಅಲ್ಲಿ ಪೆನ್ನು ನಿಂತಿತು.
"ಕ್ರಿಸ್ಮಸಿಗೆ ಒಂದು ಅಂತ ಬರೀರಿ" ಎಂದರು,
"ಅಲ್ಲ, ಅರ್ಧ. ಇನ್ನರ್ಧ ನಿಮಗೆ."

ಕೊಡೆ ಎತ್ತಿಕೊಂಡು ಹೊರಟರು.
ಡಬ್ಬಿ ಮರೆತರೋ, ಬಿಟ್ಟರೋ.
ಅದರಡಿ ಮೇಜಿನ ಮೇಲೆ ನೀರಿನ ಉಂಗುರ,
ಪಕ್ಕದಲ್ಲಿ ಹತ್ತು ಬೆರಳಿನ ಬೆವರು, ಆರುತ್ತಾ.
ಟೋಕನ್ ಹತ್ತೊಂಬತ್ತು, ಕೂಗಿದೆ.