ಕೆ ಅಂದರೆ ಮೂರು ಊರು

ಕಾಸ್ತ್ರೋ ಬಂದರಿನ ಉಬ್ಬರವಿಳಿತದ ಕಚೇರಿ.
ಸೌದೆ ಒಲೆಯ ಪಕ್ಕ ಒಂದು ಹಳೇ ಕಂಪ್ಯೂಟರು.
ಎದುವಿನಾ ಮಾನ್ಸಿಯಾ ನನಗೆ ಮೊದಲು ಕಲಿಸಿದ್ದು
ಪೂರ್ತಿ ಬರೆಯದೆ ಇರುವುದನ್ನು.

'ಕೆ ಅಂತ ಒತ್ತು. ಈಗ ಟ್ಯಾಬ್.'
ಒತ್ತಿದೆ. ಟಿಣ್ ಅಂತು. ಕರ್ಸರು ಕದಲಲಿಲ್ಲ.
'ಇನ್ನೊಮ್ಮೆ.'
ಕಪ್ಪು ಪರದೆಯ ಮೇಲೆ ಬಂದು ನಿಂತವು
ಕೆಯ್ಲೆನ್ ಕೆಯೋನ್ ಕೆಮ್ಚಿ,
ನಮ್ಮ ದ್ವೀಪದ ಮೂರು ಊರು, ಮೂರು ಫೋಲ್ಡರು,
ಒಂದೊಂದರಲ್ಲೂ ಐದೈದು ನಿಮಿಷಕ್ಕೆ ಅಳೆದಿಟ್ಟ ಸಮುದ್ರ.
'ಅದಕ್ಕೆ ಗೊತ್ತಿಲ್ಲ ಅಂತಲ್ಲ ಮಗೂ,
ಮೂರು ಗೊತ್ತು. ಅದಕ್ಕೇ ಸುಮ್ಮನಾಯಿತು.
ನನ್ನ ಗಂಡನಾಗಿದ್ದರೆ
ಯಾವುದೋ ಒಂದು ಹೇಳಿಬಿಡುತ್ತಿದ್ದ.'

ಮ ಸೇರಿಸಿದೆ. ಟ್ಯಾಬ್.
ಉಳಿದದ್ದು ತಾನೇ ಓಡಿ ಬಂತು,
ಕೊನೆಗೊಂದು ಓರೆಗೆರೆ,
ಒಳಗೆ ಇನ್ನೂ ಇದೆ ಬಾ ಅನ್ನುವ ಹಾಗೆ.

ನಕ್ಷತ್ರದ ಪಾಠ ಬಂದಾಗ ಮಾತ್ರ
ಎದ್ದು ಒಲೆಗೆ ಸೌದೆ ಹಾಕಿದಳು. ಬೇಕಿರಲಿಲ್ಲ.
ಹದಿನಾಲ್ಕು ವರ್ಷದ ಹಿಂದೆ, ಜುಲೈ ಚಳಿಯ ರಾತ್ರಿ,
ಹಳೇ ನಕಲುಗಳನ್ನು ಅಳಿಸಲು ಕೂತವಳ ಹೆಬ್ಬೆರಳು
ದಾರಿಗೂ ನಕ್ಷತ್ರಕ್ಕೂ ನಡುವೆ
ಒಂದು ಖಾಲಿ ಬಿಟ್ಟಿತು.
ಕೆಮ್ಚಿಯ ಇಡೀ ಒಂದು ವರ್ಷ ಅದರೊಳಗೆ ಇಳಿದುಹೋಯಿತು.

'ಅಳಿಸುವ ಆಜ್ಞೆಗೆ ನಕ್ಷತ್ರ ಕಾಣುವುದೇ ಇಲ್ಲ.
ಶೆಲ್ಲು ಮೊದಲೇ ಅದನ್ನು ಬಿಡಿಸಿ
ಇದ್ದಬದ್ದ ಹೆಸರನ್ನೆಲ್ಲ ಸಾಲು ಹಿಡಿಸಿ ಕೊಡುತ್ತದೆ.
ಕೈಗೆ ಸಿಕ್ಕಿದ್ದು ಬರೀ ಪಟ್ಟಿ.
ಪಟ್ಟಿ ಹಿಡಿದವನು ಏಕೆ ಅಂತ ಕೇಳುವುದಿಲ್ಲ.'
ಹೇಳಿ, ಕಿಟಕಿಯಾಚೆ ನೋಡಿದಳು.
ಆಕೆಯ ವಯಸ್ಸಿನವರಿಗೆ ಈ ದೇಶದಲ್ಲಿ
ಪಟ್ಟಿಗಳ ಬೇರೆ ನೆನಪೂ ಇವೆ.

'ಮೊದಲು ಎಕೋ ಹಾಕು.
ಅಳಿಸುವ ಮುಂಚೆ ಒಮ್ಮೆ ಕೂಗು,
ಯಾರು ಯಾರು ಓಗೊಡುತ್ತಾರೆ ನೋಡು.'

ಸಂಜೆ, ಅಲೆಯ ಗುರುತು.
ಎನ್ಯೆ ಅಕ್ಷರದ ನೆತ್ತಿಯ ಮೇಲೆ ಕೂರುವ ಅದೇ ಡೊಂಕುಗೆರೆ.
ಒಂಟಿಯಾಗಿ ಬರೆಯಲು ನಮ್ಮ ಕೀಲಿಮಣೆಗೆ ಎರಡು ಬೆರಳು ಬೇಕು.
ಶೆಲ್ಲಿಗೆ ಅದರ ಅರ್ಥ, ಮನೆ.

'ಸರಿಯಾಗೇ ಇಟ್ಟಿದ್ದಾರೆ' ಅಂದಳು ಎದುವಿನಾ.
ಆಕೆಯ ಅಜ್ಜಿಯ ಮನೆ ಲೆಮುಯ್ ದ್ವೀಪದಲ್ಲಿತ್ತು.
ಊರವರೆಲ್ಲ ಕೂಡಿ, ಇಪ್ಪತ್ತು ಎತ್ತು ಕಟ್ಟಿ,
ಮನೆಯನ್ನು ಮನೆಯಾಗಿಯೇ ದಡಕ್ಕೆ ಎಳೆದು,
ಉಬ್ಬರಕ್ಕೆ ಕಾದು, ನೀರಿಗಿಳಿಸಿ,
ದೋಣಿಗಳ ಹಿಂದೆ ಚೋಂಚಿಯ ಕಡೆ ತೇಲಿಸಿದರು.
ಒಲೆ ಆರಿಸಲು ಅಜ್ಜಿ ಒಪ್ಪಲಿಲ್ಲವಂತೆ.
ಹೊಗೆ ಬಿಡುತ್ತಾ ಹೋಯಿತು ಮನೆ, ಕಡಲ ಮೇಲೆ.

ಹಿಂದೆ ಉಳಿದದ್ದು ಕಂಬದ ಗುಳಿಗಳು.
ವಿಳಾಸ ಪೂರ್ತಿ ಬರೆದಿಟ್ಟುಕೊಂಡ ಟಪಾಲಿನವನು
ಎರಡು ತಿಂಗಳು ಆ ಗುಳಿಗಳ ತನಕ ಬಂದು ವಾಪಸು ಹೋದ.
ಅಜ್ಜಿಯ ಮನೆಗೆ ಅಂತಷ್ಟೇ ಹೊರಟ ನೆಂಟರು
ಕೇಳಿಕೊಂಡು ದೋಣಿ ಹತ್ತಿದರು.

ಕಳೆದ ಮಾರ್ಚಿನಲ್ಲಿ ನಮ್ಮ ಡಿಸ್ಕೂ ಜಾಗ ಬದಲಿಸಿತು.
ನಿವೃತ್ತರಾದ ರೆಮಿಹಿಯೊ ಬರ್ರೀಯ
ಬೇರಿನಿಂದ ತುದಿಯವರೆಗೆ ದಾರಿ ಬರೆದಿಟ್ಟ ಸ್ಕ್ರಿಪ್ಟುಗಳೆಲ್ಲ
ಗುಳಿಗೆ ಬಿದ್ದು ಒದ್ದಾಡಿದವು.
ಎದುವಿನಾಳವು ಅಲೆಯಿಂದ ಶುರುವಾಗುತ್ತಿದ್ದವು.
ಅವಕ್ಕೆ ಸುದ್ದಿಯೇ ತಿಳಿಯಲಿಲ್ಲ.

ಒಂದೇ ಎಚ್ಚರ ಹೇಳಿದ್ದಳು:
ಉದ್ಧರಣ ಚಿಹ್ನೆಯೊಳಗೆ ಹಾಕಬೇಡ,
ಒಳಗೆ ಹೋದರೆ ಅದು ಮನೆಯಲ್ಲ, ಬರೀ ಅಲೆ.
ಆ ವಾರವೇ ಹಾಕಿದೆ.
ಅಲೆ ಅಂತಲೇ ಹೆಸರಿನ ಒಂದು ಖಾಲಿ ಫೋಲ್ಡರು
ಕೆಮ್ಚಿಯ ಪಕ್ಕ ಹುಟ್ಟಿಕೊಂಡಿತು.
ಅಳಿಸೋಣ ಅಂತ ಹೆಸರು ಬರೆದು
ಎಂಟರ್ ಮೇಲೆ ಬೆರಳಿಟ್ಟಿದ್ದೆ,
ಎದುವಿನಾ ನನ್ನ ಮಣಿಕಟ್ಟು ಹಿಡಿದಳು.
'ಯಾರ ಹೆಸರು ಕೂಗಿದೆ ನೋಡು.'

ಅಳಿಸುವ ಬೇರೆ ದಾರಿ ಈಗ ನನಗೂ ಗೊತ್ತು.
ಆದರೂ ಬಿಟ್ಟಿದ್ದೇನೆ.
ಏನೂ ಇಲ್ಲ ಅದರೊಳಗೆ.
ಪಟ್ಟಿ ತೆಗೆದಾಗಲೆಲ್ಲ ಮೂರು ಊರುಗಳ ಜತೆ
ಒಂದು ಸಣ್ಣ ಡೊಂಕು ತೇಲುತ್ತದೆ,
ನಾನು ಅದನ್ನು ಹೆಸರು ಹಿಡಿದು ಕರೆಯುವುದಿಲ್ಲ.