ಧಡೆ

ಫಾರಮ್ಮಿನಲ್ಲಿ ಹೆಸರಿಗೆ ಒಂದು ಗೆರೆ, ವಯಸ್ಸಿಗೆ ಅರ್ಧ,
'ಕುಡಿತಕ್ಕೆ ಕಾರಣ' ಅನ್ನುವಲ್ಲಿ ನಾಲ್ಕು ಗೆರೆ.
ಹಾಸನದ ದೊಡ್ಡಾಸ್ಪತ್ರೆ, ಮೇಲಿನ ವಾರ್ಡು.
ಷಾಹೀನಾ ಮೇಡಂ ಪೆನ್ನಿನ ಕ್ಯಾಪು ತೆಗೆದು ಕಾಯುತ್ತಾರೆ.

ನಾನು ಮೊಗಣ್ಣಾಚಾರಿ. ಅರಸೀಕೆರೆ. ತಕ್ಕಡಿ ರಿಪೇರಿ.
ಕೊಬ್ಬರಿ ಮಂಡಿಯ ಅಷ್ಟೂ ಕಾಟಾ ನನ್ನ ಕೈ ದಾಟಿ ಬಂದವು.
ಬಟ್ಟಿನ ತಳದ ಗುಳಿಗೆ ಸೀಸ ಹುಯ್ದು
ಗ್ರಾಂ ಲೆಕ್ಕದಲ್ಲಿ ಕೆರೆದವನು.
ತೂಕದ ಬಗ್ಗೆ ನನಗೆ ಸುಳ್ಳು ಹೇಳಲು ಬರುವುದಿಲ್ಲ, ಮೇಡಂ.
ಉಳಿದದ್ದರ ಬಗ್ಗೆ ಬರುತ್ತದೆ.
ಹೊರಗೆ ಬೆಂಚಿನ ಮೇಲೆ ದೇವೀರಮ್ಮ ಇದ್ದಾಳೆ, ಕೇಳಿ.

ಬರೆದುಕೊಳ್ಳಿ: ಅಪ್ಪ ಕುಡೀತಿದ್ದ.
ಬೇಡ, ಹೊಡೆದುಹಾಕಿ.
ಅಣ್ಣನೂ ಅದೇ ಅಪ್ಪನ ಮಗ, ಕಾಫಿ ಕೂಡ ಮುಟ್ಟುವುದಿಲ್ಲ.
ಎಲೆಕ್ಟ್ರಾನಿಕ್ ಕಾಟಾ ಬಂತು, ಕೆಲಸ ಹೋಯಿತು.
ಅದೂ ಅಷ್ಟೆ. ಅದು ಬರುವ ಏಳು ವರ್ಷ ಮೊದಲೇ
ನನ್ನ ಕ್ವಾರ್ಟರ್ರು ಬಂದಾಗಿತ್ತು.

ಮಗು ತೀರಿಕೊಂಡಿತು. ಹದಿನೆಂಟು ದಿನದ್ದು.

ಇದು ನಿಜ, ಹೊಡೆಯಬೇಡಿ.
ಆದರೆ ಆ ವಾರ ಮನೆ ತುಂಬ ನೆಂಟರು,
ಒಂದು ತೊಟ್ಟೂ ಸಿಗಲಿಲ್ಲ.
ಕೈ ನಡುಗಿತು, ಬೆನ್ನು ಬೆವರಿತು,
ಗೋಡೆ ಮೇಲೆ ಇರುವೆ ಸಾಲು, ಇರುವೆ ಇರಲಿಲ್ಲ.
ಪಾಪ, ಹೆತ್ತ ಕರುಳು ಅಂದರು ಜನ.
ನಾನೂ ಹೂಂ ಅಂದೆ.
ಆಮೇಲೆ ಹನ್ನೆರಡು ವರ್ಷ
ಹೆಸರಿಡದ ಮಗುವಿನ ಹೆಸರಲ್ಲಿ ಕುಡಿದೆ.

ಮೊದಲ ಸಲದ್ದು ಬೇಕೇ ನಿಮಗೆ? ಅಲ್ಲಿ ಏನೂ ಇಲ್ಲ.
ಬಟ್ಟುಗಳಿಗೆ ಮುದ್ರೆ ಬಿದ್ದ ದಿನ.
ಕೆಲಸ ಮುಗಿದಿತ್ತು, ಮಂಡಿಯಲ್ಲಿ ಯಾರೋ ಸುರಿದು ಕೊಟ್ಟರು.
ಹುಬ್ಬಳ್ಳಿ ಕಡೆಯ ರೈಲು ಕೂಗಿ ಹೋಯಿತು.
ಯಾರೋ ಹಿಂದಿನಿಂದ ಬಂದು
ಹೆಗಲ ಮೇಲಿನ ಮೂಟೆ ಇಳಿಸಿದ ಹಾಗಾಯಿತು.
ಮೂಟೆ ಇತ್ತು ಅಂತಲೇ
ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಖಾಲಿ ತಕ್ಕಡಿ ಒಂದು ಕಡೆ ವಾಲಿದರೆ
ಹಗುರ ತಟ್ಟೆಯ ಸರಪಣಿಗೆ ಒಂದು ಚೂರು ಕಟ್ಟುತ್ತೇವೆ,
ಮುರಿದ ಮೊಳೆ, ಬಟ್ಟೆಗಂಟಲ್ಲಿ ಹುಣಿಸೆಬೀಜ.
ಅದಕ್ಕೆ ಧಡೆ ಅನ್ನುತ್ತೇವೆ.
ಧಡೆ ಯಾವ ಸರಕನ್ನೂ ತೂಗುವುದಿಲ್ಲ,
ಮುಳ್ಳು ನೆಟ್ಟಗೆ ನಿಲ್ಲಲಿ ಅಂತ, ಅಷ್ಟೆ.
ಮೊದಮೊದಲು ಕುಡಿದರೆ ತಟ್ಟೆ ಮೇಲೇಳುತ್ತಿತ್ತು, ಮೇಡಂ,
ಜೇನುಕಲ್ಲು ಬೆಟ್ಟ ಕಾಣುವಷ್ಟು.
ಆಮೇಲಾಮೇಲೆ
ಬೆಳಿಗ್ಗೆ ತೊಂಬತ್ತು ಎಮ್ಮೆಲ್ ಕಟ್ಟಿದರೆ ಸೊನ್ನೆ.
ಆಮೇಲೆ ನೂರೆಂಬತ್ತು ಕಟ್ಟಿದರೂ ಅದೇ ಸೊನ್ನೆ.
ಬರೀ ಸೊನ್ನೆಗೆ ಬರಲಿಕ್ಕೆ
ಹೆಂಡತಿಯ ಓಲೆ ಮಾರಿದವನನ್ನು ಏನನ್ನುತ್ತಾರೆ,
ನಿಮ್ಮ ಪುಸ್ತಕದಲ್ಲಿ?

ಅವಳು ಬಾಟಲಿಯ ಮೇಲೆ ಕಾಡಿಗೆಯಲ್ಲಿ ಗೆರೆ ಎಳೆದಿಟ್ಟಳು.
ನಾನು ಕುಡಿದು, ನೀರು ಹುಯ್ದು, ಗೆರೆಗೆ ತಂದು ನಿಲ್ಲಿಸಿದೆ.
ಒಂದು ಕೂದಲೆಳೆ ಆಚೀಚೆ ಇಲ್ಲ.
ಮಂಡಿಯಲ್ಲಿ ಯಾರಿಗೂ ಮಾಡದ ಮೋಸ,
ಅಷ್ಟು ಅಚ್ಚುಕಟ್ಟಾಗಿ.
ಅವಳು ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು,
ಬಣ್ಣ ತೆಳ್ಳಗಿತ್ತು,
ಏನೂ ಅನ್ನದೆ ಇದ್ದಲ್ಲೇ ಇಟ್ಟಳು.
ಬೈದಿದ್ದರೆ ಅದನ್ನೂ ಕಾರಣ ಮಾಡಿಕೊಳ್ಳುತ್ತಿದ್ದೆ.

ಇವತ್ತಿಗೆ ಹನ್ನೊಂದು ದಿನ.
ಚಮಚದಲ್ಲಿ ಸಾರು ನಿಲ್ಲುತ್ತದೆ, ಮುಕ್ಕಾಲು ಪಾಲು.
ಬಿಟ್ಟೆ ಅಂತ ಬರೆಯಬೇಡಿ,
ಧಡೆ ಬಿಚ್ಚಿದ್ದೇನೆ, ತಕ್ಕಡಿ ಇನ್ನೂ ವಾಲಿಯೇ ಇದೆ.

ಈಗ ಹತ್ತು ಗಂಟೆ ಇರಬೇಕು.
ಕಿಟಕಿಯಾಚೆ ಎಲ್ಲೋ ಶಟರ್ ಎತ್ತಿದರು.
ಮೆಡಿಕಲ್ ಅಂಗಡಿಯದೋ, ಚಪ್ಪಲಿ ಅಂಗಡಿಯದೋ.
ನಾಲ್ಕನೇ ಗೆರೆ ಖಾಲಿ ಇದೆಯಲ್ಲ ಮೇಡಂ,
ಅಲ್ಲಿ ಅದನ್ನೇ ಬರೆಯಿರಿ:
ಶಟರ್ ಸದ್ದು ಕೇಳಿಸಿತು.
ಬಾಯಲ್ಲಿ ನೀರು ಬಂತು.